ಅತ್ತೆಯ ಗಾಡಿಯ ಹಿಂಬಾಗಿಲು

ನನ್ನ ಅತ್ತೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿದ್ದರು. ಅವರ ಎಡ ಮಂಡಿ ಮಡಚಲು ಒಪ್ಪುತ್ತಿರಲಿಲ್ಲ. ಬಲಗಾಲಿನ ಬೂಟಿನೊಳಗೆ, ಬೇರೆ ಹೆಂಗಸರು ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಳ್ಳುವಷ್ಟು ಸಹಜವಾಗಿ, ಒಂದು ಸ್ಪ್ಯಾನರು ಇರುತ್ತಿತ್ತು. ಹೀಗಾಗಿ ಅಂಗಳದ ಕಲ್ಲುಹಾಸಿನ ಮೇಲೆ ಮೊದಲು ಒಂದು ಎಳೆತ, ಹಿಂದೆಯೇ ಒಂದು ಠಣತ್ಕಾರ, ಮತ್ತೆ ಎಳೆತ, ಮತ್ತೆ ಠಣತ್ಕಾರ. ಆ ಲಯ ಬಾಗಿಲಿಗೆ ಸಮೀಪಿಸಿತೆಂದರೆ ಒಳಗಿದ್ದವರೆಲ್ಲ ತಂತಮ್ಮ ಅಭಿಪ್ರಾಯಗಳನ್ನು ಮಡಿಚಿಟ್ಟು ಚಹಾ ಬಗ್ಗಿಸಲು ಏಳುತ್ತಿದ್ದೆವು.

ಸೈರಾಕಾನ್ ಎಂಬುದು ಅವರ ಹೆಸರು. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಂದ ಆಡಕೂಡದು. ಬರೆಯಕೂಡದೆಂದು ಇದುವರೆಗೆ ಯಾರೂ ಹೇಳಿಲ್ಲವಾದ್ದರಿಂದ ಬರೆದಿದ್ದೇನೆ. ಈ ಬಗೆಯ ತರ್ಕವನ್ನು ಕಲಿತದ್ದೂ ಅವರಿಂದಲೇ.

ಚಳಿಗಾಲ ಬೇಸಗೆಯೆನ್ನದೆ ಅವರ ಮೈಮೇಲೆ ಹತ್ತಿ ತುಂಬಿದ ಗಾಢನೀಲಿಯ ಒಂದು ಕೋಟು. ಸೂಸಾಮಿರ್ ಕಣಿವೆಯ ಹುಲ್ಲುಗಾವಲುಗಳಲ್ಲಿ ಆಸ್ಪತ್ರೆಯ ವ್ಯಾನು ಓಡಿಸುತ್ತಿದ್ದ ಕಾಲದ್ದು. ಅದರ ಎರಡನೆಯ ಗುಂಡಿ ಉದುರಿದ ಜಾಗದಲ್ಲಿ ಅವರು ಒಂದು ಕಬ್ಬಿಣದ ನಟ್ಟನ್ನು ಹೊಲಿದುಕೊಂಡಿದ್ದರು, ಮತ್ತು ಉಳಿದ ಗುಂಡಿಗಳು ಒಂದೊಂದಾಗಿ ಕಳಚಿದರೂ ಆ ನಟ್ಟು ಮಾತ್ರ ಎದೆಯ ನಡುವೆ ಪದಕದ ಗಾಂಭೀರ್ಯದಿಂದ ನಿಂತಿತ್ತು. ಕೋಟಿನಂತೆ ಆ ವ್ಯಾನೂ ಅವರನ್ನು ಬಿಟ್ಟುಹೋಗಿರಲಿಲ್ಲ. ಆಸ್ಪತ್ರೆಯವರು ಗುಜರಿಗೆ ಹಾಕುವೆವೆಂದಾಗ ಎಳೆದು ತಂದು ಕಾರಾ-ಬಾಲ್ತಾ ಪಟ್ಟಣದ ನಮ್ಮ ಅಂಗಳದಲ್ಲಿ, ಏಪ್ರಿಕಾಟ್ ಮರದ ಕೆಳಗೆ ನಿಲ್ಲಿಸಿಕೊಂಡಿದ್ದರು. ಮೂತಿಯಿಲ್ಲದೆ ದಿಮ್ಮಿಯಂತಿದ್ದ ಆ ಬೂದು ಗಾಡಿಯನ್ನು ದೇಶವೆಲ್ಲ ಕರೆಯುವಂತೆ ನಾವೂ ಬ್ರೆಡ್ಡು ಎನ್ನುತ್ತಿದ್ದೆವು. ಕಣಿವೆಯ ಎಷ್ಟೋ ಬಸುರಿಯರು ಅದರಲ್ಲಿ ಆಸ್ಪತ್ರೆ ಸೇರಿದ್ದರು. ಕೆಲವು ಕೂಸುಗಳು ಅಲ್ಲಿಯವರೆಗೆ ಕಾಯದೆ ದಾರಿಯಲ್ಲೇ ಕಣ್ಣು ಬಿಟ್ಟಿದ್ದವು. ಕಾಯದವರಲ್ಲಿ ನನ್ನ ಗಂಡ ತಾಲಾಯ್ ಕೂಡ ಒಬ್ಬ. ಹೆತ್ತಾಕೆಯೂ ಗಾಡಿಯ ಚಾಲಕಿಯೂ ಅಂದು ಒಬ್ಬರೇ ಆಗಿದ್ದರೆಂಬುದನ್ನು ನೆರೆಹೊರೆಯವರು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ.

ನಮ್ಮ ಮಗಳು ಸೆಜಿಮ್ ಗೋಡೆ ಹಿಡಿದು ನಿಲ್ಲತೊಡಗಿದಾಗ ಮನೆಯಲ್ಲಿ ಯುದ್ಧ ಆರಂಭವಾಯಿತು. ನಮ್ಮ ಪದ್ಧತಿಯಲ್ಲಿ, ಮಗು ಹೆಜ್ಜೆಯಿಡುವ ಹೊತ್ತಿಗೆ ಅದರ ಕಾಲುಗಳಿಗೆ ಕಪ್ಪುಬಿಳುಪಿನ ಉಣ್ಣೆಯ ಹುರಿಯನ್ನು ಕಟ್ಟಿ, ದೂರದಿಂದ ಓಟದ ಪಂದ್ಯ ಬಿಟ್ಟು, ಗೆದ್ದವರ ಕೈಯಿಂದ ಹುರಿ ಕತ್ತರಿಸಬೇಕು. ಅಲ್ಲಿಂದ ಮುಂದೆ ಮಗು ಎಡವದೆ ಬಾಳುತ್ತದೆ. ನಾನೂ ತಾಲಾಯ್‌ನೂ ಇದಕ್ಕೆ ಪೇಟೆಯಲ್ಲೊಂದು ಸಭಾಂಗಣ ಬಾಡಿಗೆಗೆ ಹಿಡಿಯುವುದೆಂದು ಮಾತಾಡಿಕೊಂಡಿದ್ದೆವು. ಅತ್ತೆ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರು: "ನನ್ನ ಹುರಿ ಕತ್ತರಿಸಿದ್ದು ಸೂಸಾಮಿರ್ ಹುಲ್ಲಿನ ಮೇಲೆ, ನಿನ್ನ ಗಂಡಂದೂ ಅಲ್ಲೇ. ನನ್ನ ಮೊಮ್ಮಗಳು ಟೈಲ್ಸ್ ಮೇಲೆ ನಡೆಯೋದು ಕಲಿಯಲ್ಲ."

ಆ ಚಳಿಗಾಲದಲ್ಲಿ ಸೆಜಿಮ್‌ಗೆ ನ್ಯುಮೋನಿಯಾ ಬಂದುಹೋಗಿತ್ತು. ಅವಳ ಉಸಿರಿನ ಸದ್ದನ್ನು ಎಣಿಸುತ್ತಲೇ ಮಲಗುವುದು ನನಗೆ ಅಭ್ಯಾಸವಾಗಿತ್ತು. ರಾಜಧಾನಿ ಬಿಷ್ಕೆಕ್‌ನಲ್ಲಿ ಹುಟ್ಟಿ, ಅಲ್ಲೇ ಓದಿ, ಜ್ವರಮಾಪಕವನ್ನು ಕೈಚೀಲದಲ್ಲಿಟ್ಟುಕೊಂಡು ತಿರುಗುವ ನನಗೆ ಆ ಕಣಿವೆಯೆಂದರೆ ಗಾಳಿ ಮತ್ತು ಕೆಮ್ಮು.

"ಅಪಾ, ಅಲ್ಲಿ ಬೇಸಗೇಲೂ ಚಳಿ," ಎಂದೆ. ಅತ್ತೆಯನ್ನು ನಾನು ಅಪಾ ಎಂದೇ ಕರೆಯುತ್ತಿದ್ದೆ.

"ಆಮೇಲೆ?"

"ಗುಡಾರದ ತುಂಬ ಹೊಗೆ."

"ಆಮೇಲೆ?"

"ಬಿಸಿನೀರಿಲ್ಲ, ಹಾಲು ಕೆಡುತ್ತೆ, ಡಾಕ್ಟರಿಲ್ಲ..."

"ಒಂದೊಂದೇ ಹೇಳು ತಾಯಿ. ವೆಲ್ಡಿಂಗ್ ಮಿಷನ್ನು ಇರೋದು ಒಂದೇ, ಅದೂ ಪಕ್ಕದ ಮನೆ ಶಾರ್ಶೆನ್‌ದು."

ಆ 'ಆಮೇಲೆ' ಅವರ ಬಾಯಿಯ ಚಾಳಿ. ಯಾರೇ ಏನೇ ಅಡ್ಡಿ ಹೇಳಲಿ, ಅಲ್ಲಗಳೆಯುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಹಸಿದವರು ಇನ್ನೊಂದು ತುತ್ತು ಕೇಳುವಂತೆ ಮುಂದಿನ ಅಡ್ಡಿಯನ್ನು ಕೇಳುತ್ತಿದ್ದರು. ಗುಡಾರ ಬೇಡವಾದರೆ ಬ್ರೆಡ್ಡಿನಲ್ಲೇ ಮನೆ ಮಾಡೋಣ ಎಂದು ಮರುದಿನವೇ ಗಾಡಿಯ ಕೆಳಗೆ ಮಲಗಿದರು. ಮಡಚದ ಮಂಡಿ ಹೊರಗೆ ಚಾಚಿಕೊಂಡಿರುತ್ತಿತ್ತು. ಸೆಜಿಮ್ ಅದನ್ನು ಹಿಡಿದು ನಿಲ್ಲುವ ಅಭ್ಯಾಸ ಮಾಡುತ್ತಿದ್ದಳು.

ಹೀಗೆ ನನ್ನ ಭಯಗಳಿಂದಲೇ ಆ ಗಾಡಿಯ ನಿರ್ಮಾಣವಾಯಿತು. ತುಕ್ಕು ತಿಂದ ನೆಲದಿಂದ ಧೂಳು ಬರುತ್ತದೆ ಎಂದೆ. ಹಳೆಯ ಬಟ್ಟೆ ಒಗೆಯುವ ಯಂತ್ರದ ತಗಡನ್ನು ಕತ್ತರಿಸಿ ತೇಪೆ ಹಾಕಿದರು. ಕತ್ತಲೆಂದೆ, ನೆತ್ತಿಯ ಮೇಲೆ ಸೌರಫಲಕವೂ ಒಳಗೆ ದೀಪವೂ ಬಂದವು. ಹಾಲೆಂದೆ, ಚಾಲಕನ ಸೀಟಿನ ಹಿಂದೆ ಬ್ಯಾಟರಿಯಿಂದ ನಡೆಯುವ ತಂಪುಪೆಟ್ಟಿಗೆ ಗುಂಯ್‌ಗುಟ್ಟಿತು. ಚಳಿಗೆ ತಾಲಾಯ್ ಪೇಟೆಯಿಂದ ಬೆಳ್ಳಿಬಣ್ಣದ ಸ್ಪಂಜಿನ ಹಾಳೆ ತಂದಾಗ ಅತ್ತೆ ಅದನ್ನು ಮೂಸಿನೋಡಿ ಕೋಳಿಗೂಡಿಗೆ ಹೊದಿಸಿದರು. ಗಾಡಿಗೆ ಮಾತ್ರ ಕುರಿಯ ಉಣ್ಣೆಯೇ ಆಗಬೇಕು. ಅಂಗಳದಲ್ಲಿ ಜೊಂಡಿನ ಚಾಪೆ ಹಾಸಿ, ಹಿಂಜಿದ ಉಣ್ಣೆ ಹರವಿ, ಕುದಿನೀರು ಚೆಲ್ಲಿ, ಚಾಪೆಯನ್ನು ಸುರುಳಿ ಸುತ್ತಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕಾಲಿನಿಂದ ಒದ್ದು ಒದ್ದು ಉರುಳಿಸುತ್ತ ಹೆಂಗಸರೆಲ್ಲ ಕಂಬಳಿ ಹದಮಾಡಿದೆವು. ಮಡಚದ ಕಾಲಿನ ಒದೆತವೇ ಎಲ್ಲರದಕ್ಕಿಂತ ಬಲವಾಗಿತ್ತು.

ಬೇಲಿಯಾಚೆಯ ಶಾರ್ಶೆನ್ ಮುದುಕನಿಗೆ ಇದೆಲ್ಲ ದಿನನಿತ್ಯದ ನಾಟಕ. ಬೇಲಿಗೆ ಗಡ್ಡ ಊರಿ ನಿಲ್ಲುತ್ತಿದ್ದ.

"ಏನಮ್ಮಾ, ಬ್ರೆಡ್ಡು ಇನ್ನೂ ಬೆಂದಿಲ್ವಾ? ಮೊಮ್ಮಗಳು ಮೊದಲು ನಡೀತಾಳೋ, ಇದು ಮೊದಲು ನಡೆದು ಕಣಿವೆಯ ಗುಡಾರ ಮುಟ್ಟುತ್ತೋ?"

"ನಿನ್ನ ನಾಲಿಗೆ ನಡೆಯೋದು ನಿಂತರೆ ಎರಡೂ ನಡೀತಾವೆ."

"ಕುರಿ ಪಂದ್ಯ. ನಾನು ಮಗು ಕಡೆ."

"ಕುರಿ ಕೊಬ್ಬಿಸು, ತಿನ್ನೋಕೆ ಬರ್ತೀನಿ."

ಒಳಗೆ ತಗಡಿನ ಪುಟ್ಟ ಒಲೆ ಬಂದಾಗ ನಾನು ಅತ್ತೇಬಿಟ್ಟೆ. ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ನಿದ್ದೆಯಲ್ಲೇ ಎಲ್ಲ ಮುಗಿದುಹೋಗುತ್ತದೆ ಎಂದು ಓದಿದ್ದನ್ನೆಲ್ಲ ಬಿಕ್ಕುತ್ತ ಹೇಳಿದೆ. ಅವರು ನಗಲಿಲ್ಲ. ಪೇಟೆಗೆ ಹೋಗಿ, ವಿಷಗಾಳಿ ಸೋಕಿದರೆ ಕಿರುಚುವ ಬಿಳಿಯ ಡಬ್ಬಿಯೊಂದನ್ನು ತಂದು ಗೋಡೆಗೆ ತಿರುಪು ಹಾಕಿ ಬಿಗಿದರು.

"ಕಿರುಚೋಕೆ ಮಿಷನ್ನು ಬೇರೆ ಯಾಕಮ್ಮಾ?" ಎಂದ ಶಾರ್ಶೆನ್. "ಸೊಸೆ ಇದಾಳಲ್ಲ."

"ಅವಳು ಕಿರುಚಿದ್ದಕ್ಕೇ ಗಾಡಿ ಇಷ್ಟು ಚೆನ್ನಾಗಾಗಿದೆ. ನಿನ್ನ ಮನೇಲಿ ಯಾರೂ ಕಿರುಚಲ್ಲ, ನೋಡು ಹೋಗು, ಸೂರು ಹೇಗೆ ಸೋರ್ತಿದೆ."

ಇನ್ನುಳಿದದ್ದು ಹಿಂಬಾಗಿಲು. ಹಿಂದೆ ಸ್ಟ್ರೆಚರು ಏರಿಸುತ್ತಿದ್ದ ಎರಡು ಕದಗಳಿದ್ದವು, ಅವುಗಳ ಕೊಂಡಿ ಸಡಿಲವಾಗಿತ್ತು. ಕಣಿವೆಯ ಏರಿನಲ್ಲಿ ಕದ ತೆರೆದುಕೊಂಡು ಮಗು ಉರುಳಿಬಿದ್ದರೆ ಎಂದೆ. ಅತ್ತೆಗೆ ಇದು ಬಹಳ ಹಿಡಿಸಿತು, ಏಕೆಂದರೆ ಅವರ ಮನಸ್ಸಿನಲ್ಲಿ ಆ ಕದಗಳ ಬಗ್ಗೆ ಬೇರೊಂದು ಕಸಿವಿಸಿ ಮೊದಲೇ ಇತ್ತು. ನಮ್ಮ ಗುಡಾರಗಳಲ್ಲಿ ಹೊಸ್ತಿಲಿಂದ ಅತಿ ದೂರದ ಜಾಗವೇ ಹಿರಿಯರ ಪೀಠ. ಹಾಸಿಗೆಗಳನ್ನು ಅಲ್ಲೇ ಪೇರಿಸುವುದು, ಮಾನ್ಯ ಅತಿಥಿಯನ್ನು ಅಲ್ಲೇ ಕೂರಿಸುವುದು. ಬ್ರೆಡ್ಡಿನಲ್ಲಿ ಆ ಜಾಗ ಸರಿಯಾಗಿ ಹಿಂಬದಿಗೇ ಬರುತ್ತಿತ್ತು. "ಹಿರೀಕರ ಬೆನ್ನಿಗೆ ಬಾಗಿಲು ಇಡ್ತಾರಾ ಯಾರಾದ್ರೂ?" ಎಂದು ಕಿಡಿ ಹಾರಿಸುತ್ತ ಎರಡು ಕದಗಳನ್ನೂ ಅಲ್ಲಲ್ಲಿ ಬೆಸೆದು, ಮೇಲೆ ಹೂಬಳ್ಳಿಯ ಕಂಬಳಿ ತೂಗುಹಾಕಿದರು.

"ಅಪಾ, ಈಗ ಒಳಗಿಂದ ಹೊರಬರೋಕೆ ಪಕ್ಕದ ಬಾಗಿಲು ಒಂದೇ," ಎಂದೆ. "ಅದು ಸಿಕ್ಕಿಹಾಕ್ಕೊಂಡರೆ?"

ಅಂದು ಮೊದಲ ಬಾರಿಗೆ ಅವರು 'ಆಮೇಲೆ' ಎನ್ನಲಿಲ್ಲ. "ಗುಡಾರಕ್ಕೆ ಎಷ್ಟು ಬಾಗಿಲು ಇರುತ್ತೆ?" ಎಂದರು.

"ಒಂದು."

"ನಿಮ್ಮಪ್ಪನ ಮನೆ ಫ್ಲಾಟಿಗೆ?"

"ಒಂದು."

"ಮತ್ತೆ?" ಎಂದು ಸ್ಪ್ಯಾನರನ್ನು ಬೂಟಿಗೆ ಸಿಕ್ಕಿಸಿ ಹೊರಟೇಹೋದರು.

ಜೂನಿನಲ್ಲಿ, ಬೇಸಗೆಗೆಂದು ಅಲ್ಲಿ ಗುಡಾರ ಹೂಡಿದ್ದ ನೆಂಟರಿಂದ, ಕಣಿವೆ ಹಸಿರಾದ ಸುದ್ದಿ ಬಂತು. ಸೆಜಿಮ್ ಗೋಡೆ ಬಿಟ್ಟು ನಿಲ್ಲುತ್ತಿದ್ದಳು, ಹೆಜ್ಜೆಯೆತ್ತಿರಲಿಲ್ಲ. ತಾಲಾಯ್ ಸಮಾರಂಭದ ಹೊತ್ತಿಗೆ ಬರುವೆನೆಂದು ಕೆಲಸಕ್ಕೆ ಹೋದ. ಹೋಗುವ ಮುನ್ನ, "ಅಮ್ಮಾ, ಇದು ಕಣಿವೆ ಮುಟ್ಟದೆ ವಾಪಸು ಬಂದರೆ ಗುಜರಿಯವನಿಗೆ ಹೇಳ್ತೀನಿ," ಎಂದ. "ಹೇಳು, ನಿನ್ನನ್ನೂ ಹಾಕ್ಕೊಂಡು ಹೋಗ್ಲಿ, ನೀನೂ ಇದರಲ್ಲೇ ಹುಟ್ಟಿದ ಬಿಡಿಭಾಗ," ಎಂದರು ಅತ್ತೆ.

ನನ್ನ ಬಳಿ ಹೇಳಲು ಬೇರೆ ಅಡ್ಡಿ ಉಳಿದಿರಲಿಲ್ಲ. ಮುಂದೆ ಅವರು, ಹಿಂದೆ ಮಗುವಿನೊಂದಿಗೆ ನಾನು, ನಡುವೆ ತಗಡಿನ ಅಡ್ಡಗೋಡೆ, ಅದರಲ್ಲಿ ಪಕ್ಕಕ್ಕೆ ಸರಿಯುವ ಒಂದು ಪುಟ್ಟ ಕಿಟಕಿ. ಏರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪು ಬಿಸಿಯೇರಿದಾಗ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಆರುವವರೆಗೆ ಚಕ್ರಕ್ಕೆ ಒರಗಿ ನಿಂತು ಉಪ್ಪುಚಹಾ ಕುಡಿದು, ಮತ್ತೆ ಹೊರಟು, ಬೆಟ್ಟದ ನೆತ್ತಿಯ ಸುರಂಗವನ್ನು ದಾಟಿದಾಗ ಕಣಿವೆ ಒಮ್ಮೆಲೇ ಕಾಲಬುಡದಲ್ಲಿ ಬಿಚ್ಚಿಕೊಂಡಿತು. "ಆಮೇಲೆ?" ಎಂದು ಮುಂದಿನಿಂದ ಕೂಗಿದರು, ಈ ಬಾರಿ ನಾನೂ ನಕ್ಕೆ.

ಡಾಂಬರು ಬಿಟ್ಟು, ನೆಂಟರ ಗುಡಾರಗಳ ಹೊಗೆ ಕಾಣುತ್ತಿದ್ದ ದಿಕ್ಕಿಗೆ ತಿರುಗಿ, ಹಳ್ಳ ದಾಟುವಾಗ ಮುಂಚಕ್ರ ಒಂದು ಗುಂಡಿಗೆ ಇಳಿಯಿತು. ಗಾಡಿಯ ಮೈಯೆಲ್ಲ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಕೆಳಗೆ ಇಂಜಿನ್ನಿನ ಹೊಗೆಕೊಳವೆ ಬಂಡೆಗೆ ತಾಗಿ ಮುರಿದದ್ದು ನನಗೆ ಗೊತ್ತಾಗಲಿಲ್ಲ. ಗೋಡೆಯ ಡಬ್ಬಿಗೆ ಗೊತ್ತಾಯಿತು. ಅದು ಕಿರುಚತೊಡಗಿತು. ಅತ್ತೆ ತಕ್ಷಣ ಇಂಜಿನ್ ನಿಲ್ಲಿಸಿದರು, ಕಿರುಚಾಟ ನಿಲ್ಲಲಿಲ್ಲ. ನಾನು ಪಕ್ಕದ ಬಾಗಿಲನ್ನು ಎಳೆದೆ, ತಳ್ಳಿದೆ, ಒದ್ದೆ. ತಿರುಚಿದ ಚೌಕಟ್ಟು ಅದನ್ನು ಹಲ್ಲು ಕಚ್ಚಿ ಹಿಡಿದಿತ್ತು.

"ಅಪಾ! ಬಾಗಿಲು!"

"ಮಗು ಕೊಡು!"

ಅಡ್ಡಗೋಡೆಯ ಕಿಟಕಿಯಿಂದ ಸೆಜಿಮ್‌ಳನ್ನು ದಾಟಿಸಿದೆ. ನಾನು ಅದರಲ್ಲಿ ತೂರುವಂತಿರಲಿಲ್ಲ. ಪಕ್ಕದ ಗಾಜು ಸರಿಸಿ ಮುಖ ಹೊರಹಾಕಿ ಉಸಿರೆಳೆಯುತ್ತ ನೋಡಿದೆ: ಅತ್ತೆ ನೀರಿನಲ್ಲಿ ಕಾಲೆಳೆಯುತ್ತ ದಡ ಹತ್ತಿ, ಹಳ್ಳದಿಂದ ದೂರ ಹುಲ್ಲಿನ ಮೇಲೆ ಆ ನೀಲಿ ಕೋಟನ್ನು ಹಾಸಿ ಮಗುವನ್ನು ಕೂರಿಸಿದರು. ಮಗು ನೀರಿನತ್ತ ತೆವಳಲು ತಿರುಗಿತು. ಅವರು ಒಂದು ಕ್ಷಣ ಅತ್ತಿತ್ತ ನೋಡಿ, ಕೋಟಿನ ಜೇಬಿನಿಂದ ಸಮಾರಂಭಕ್ಕೆಂದು ತಾವೇ ಹೊಸೆದಿದ್ದ ಕಪ್ಪುಬಿಳುಪಿನ ಹುರಿಯನ್ನು ತೆಗೆದು, ಮೇಯುವ ಕುದುರೆಗೆ ಹಾಕುವ ಹಾಗೆ ಮಗುವಿನ ಎರಡೂ ಕಾಲುಗಳನ್ನು ಕಟ್ಟಿ, ತುದಿಯನ್ನು ಪೊದೆಯೊಂದಕ್ಕೆ ಬಿಗಿದರು.

ಆಮೇಲೆ ಗಾಡಿಯ ಹಿಂದಕ್ಕೆ ಬಂದರು. ಸುತ್ತಿಗೆಯ ಮೊದಲ ಪೆಟ್ಟಿಗೆ ಗಾಡಿಯೆಲ್ಲ ಗಂಟೆಯಂತೆ ಮೊಳಗಿತು. ತಮ್ಮದೇ ಬೆಸುಗೆಯನ್ನು ಅವರು ಹಳೆಯ ಶತ್ರುವನ್ನು ಬಯ್ಯುವಂತೆ ಬಯ್ಯುತ್ತ ಒಡೆದರು: "ಯಾವಳೇ ನಿನ್ನ ಹಾಕಿದ್ದು? ಇಷ್ಟು ಗಟ್ಟಿಯಾಗಿ ಯಾರಾದ್ರೂ ಹಾಕ್ತಾರಾ?" ಕೊನೆಯ ಬೆಸುಗೆ ಸಿಡಿದು, ಕಂಬಳಿ ಹರಿದು, ಹಿರಿಯರ ಪೀಠದ ಬೆನ್ನು ತೆರೆದುಕೊಂಡಿತು, ಅದರಾಚೆ ಇಡೀ ಕಣಿವೆಯ ಬೆಳಕು. ನಾನು ಹಾಸಿಗೆಗಳ ಮೇಲಿಂದ ಉರುಳಿ ನೀರಿಗೆ ಬಿದ್ದೆ. ಅತ್ತೆ ಬೂಟಿನಿಂದ, ಸ್ಪ್ಯಾನರಿನ ಪಕ್ಕದಲ್ಲಿದ್ದ ಮಾಂಸ ಕೊಯ್ಯುವ ಚಾಕುವನ್ನು ಎಳೆದು ನನ್ನ ಕೈಗಿತ್ತು ಒಂದೇ ಮಾತೆಂದರು:

"ಓಡು!"

ಓಡಿದೆ. ನೀರು ತುಂಬಿದ ಶೂ, ಬಿಚ್ಚಿದ ಕೂದಲು, ಶಾಲೆಯ ಮೈದಾನದಲ್ಲೂ ಹಾಗೆ ಓಡಿದ್ದಿಲ್ಲ. ಮಗುವಿನ ಮುಂದೆ ಮಂಡಿಯೂರಿ ಹುರಿಯನ್ನು ಕತ್ತರಿಸಿದೆ. ಸೆಜಿಮ್ ನನ್ನ ಭುಜ ಹಿಡಿದು ಎದ್ದು ನಿಂತು, ನನ್ನನ್ನು ಬಳಸಿ, ಎಡಗಾಲೆಳೆಯುತ್ತ ಬರುತ್ತಿದ್ದ ಅಜ್ಜಿಯತ್ತ ನಡೆದಳು. ಬ್ರೆಡ್ಡು ಹಳ್ಳದಲ್ಲೇ ನಿಂತಿತ್ತು. ಶಾರ್ಶೆನ್ ಕುರಿ ಗೆದ್ದಿದ್ದ.

ಸಂಜೆ ನೆಂಟರು ಕುದುರೆ ಕಟ್ಟಿ ಗಾಡಿಯನ್ನು ಎಳೆದು ತಂದ ಮೇಲೆ ಹಿರಿಯರೊಬ್ಬರು ತಕರಾರು ತೆಗೆದರು. ಓಟವಿಲ್ಲದೆ ಹುರಿ ಕತ್ತರಿಸಬಾರದು, ಇನ್ನೊಮ್ಮೆ ಮಾಡಬೇಕೆಂದರು.

"ಓಟ ಆಯ್ತು," ಎಂದರು ಅತ್ತೆ, ಕುದುರೆಹಾಲಿನ ಬಟ್ಟಲನ್ನು ಕೆಳಗಿಡದೆ. "ನನ್ನ ಸೊಸೆ ಗೆದ್ದಳು."

"ಎಷ್ಟು ಜನ ಓಡಿದ್ರು?"

"ಅವಳು ಓಡಿದಳು. ಜೊತೆಗೆ ಅವಳ ಭಯಗಳೆಲ್ಲ ಓಡಿದವು. ಅದು ಎಷ್ಟು ದೊಡ್ಡ ಗುಂಪು ಅಂತ ನನ್ನ ಕೇಳು, ಆರು ತಿಂಗಳಿಂದ ಸಾಕಿದ್ದೀನಿ."

ಆ ಬೇಸಗೆಯೆಲ್ಲ ಹಿಂಬಾಗಿಲು ಹಗ್ಗದ ಕಟ್ಟಿನಲ್ಲೇ ನಿಂತಿತ್ತು. ತಪ್ಪಾಯಿತೆಂದು ಅವರು ಹೇಳಲಿಲ್ಲ. ನಾನು ಅತ್ತ ನೋಡಿದಾಗಲೆಲ್ಲ, "ಎರಡು ಬಾಗಿಲು ಬೇಕು ಅಂದಿದ್ದೆಯಲ್ಲ, ಆಯ್ತಲ್ಲ, ಆಮೇಲೆ?" ಎನ್ನುತ್ತಿದ್ದರು.

ಇನ್ನೊಬ್ಬರ ಭಯವನ್ನು ಕಂಡರೆ ಲೋಕದಲ್ಲಿ ಹೆಚ್ಚಿನವರು ನಗುತ್ತಾರೆ, ಉಳಿದವರು ಬುದ್ಧಿ ಹೇಳುತ್ತಾರೆ. ಸೈರಾಕಾನರ ಕುಲದವರು ಅದನ್ನು ಅಳತೆಯಾಗಿ ತೆಗೆದುಕೊಳ್ಳುತ್ತಾರೆ, ಅಷ್ಟುದ್ದಕ್ಕೆ ತಗಡು ಕತ್ತರಿಸುತ್ತಾರೆ. ಅವರೊಂದಿಗೆ ವಾದಿಸಿ ಗೆದ್ದವರಿಲ್ಲ, ಅವರು ಸೋಲನ್ನು ಒಪ್ಪಿದ ದಿನವೂ ಇಲ್ಲ. ಹಟಮಾರಿಗಳೆಂದು ಅವರನ್ನು ನಾವು ದೂರುತ್ತೇವೆ, ದೂರುತ್ತಲೇ ಅವರು ಕಟ್ಟಿದ ಬೆಚ್ಚಗಿನ ಜಾಗದಲ್ಲಿ ಮಕ್ಕಳನ್ನು ಮಲಗಿಸುತ್ತೇವೆ. ಆದರೆ ಹಟಮಾರಿಗಳಲ್ಲಿ ನಿಜವಾದವರು ಯಾರೆಂದು ತಿಳಿಯಬೇಕಾದರೆ ಅವರು ಹಾಕುವ ಬೆಸುಗೆಯನ್ನು ನೋಡಿದರೆ ಸಾಲದು. ಅದರೊಳಗೆ ತಮ್ಮವರು ಸಿಕ್ಕಿಬಿದ್ದ ಗಳಿಗೆಯಲ್ಲಿ, ಯಾರಿಗೂ ಉತ್ತರ ಕೊಡುವ ಗೊಡವೆಯಿಲ್ಲದೆ, ಅದೇ ಕೈ ಸುತ್ತಿಗೆಯನ್ನು ಎಷ್ಟು ಬೇಗ ಎತ್ತುತ್ತದೆಂಬುದನ್ನು ನೋಡಬೇಕು.