ಎರಡನೆಯ ಉಣುಗು

ಜಾನುವಾರು ಆಸ್ಪತ್ರೆಯ ಕಂಪೌಂಡರನಿಗೆ ಉಣುಗು ಕೀಳುವುದು ನೀರು ಕುಡಿದಷ್ಟು ಸಲೀಸು. ಇಪ್ಪತ್ತೆರಡು ವರ್ಷಗಳಿಂದ ನಾಯಿ, ಹಸುಗಳ ಮೈಗೆ ಅಂಟಿದ ಆ ರಕ್ತಹೀರುವ ಹುಳಗಳನ್ನು ಕೀಳುತ್ತಲೇ ಬಂದಿದ್ದ. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಅಣ್ಣ ಉಣುಗು ಕಚ್ಚಿದ ಕುತ್ತಿಗೆ ಹಿಡಿದುಕೊಂಡು ಬಂದಾಗ ನಕ್ಕೇಬಿಟ್ಟ.

ಅಣ್ಣ ಸರ್ವೆಯವನು. ವಾರವಿಡೀ ಕುರುಚಲು ಕಾಡಿನಲ್ಲಿ ಗಡಿಕಲ್ಲು ಹುಡುಕುತ್ತ ಅಲೆದಿದ್ದ.

"ನಿಮ್ಮತ್ತಿಗೆ ಬೆಂಕಿಕಡ್ಡಿ ಗೀರಿ ಸುಡ್ತೀನಿ ಅಂತಾಳೆ ಕಣೋ. ಜೀವ ಉಳಿದರೆ ಸಾಕು ಅಂತ ಓಡಿಬಂದೆ."

"ಸುಡಲೂಬಾರದು, ಎಣ್ಣೆ ಸುರೀಲೂಬಾರದು. ಅದು ಹೊಟ್ಟೇಲಿರೋದನ್ನ ನಿನ್ನ ಮೈಯೊಳಕ್ಕೇ ಕಕ್ಕುತ್ತೆ. ಅಲ್ಲಾಡದೆ ಕೂತ್ಕೋ."

ಚೂಪು ಮೂತಿಯ ಚಿಮುಟದಿಂದ ಉಣುಗನ್ನು ಚರ್ಮದ ಹತ್ತಿರಕ್ಕೇ ಹಿಡಿದು, ಹಿಸುಕದೆ, ತಿರುಚದೆ, ನಿಧಾನವಾಗಿ ನೇರಕ್ಕೆ ಎತ್ತಿದ. ತಲೆ ಸಮೇತ ಬಂತು. ಜಾಗವನ್ನು ಸೋಪು ಹಾಕಿ ತೊಳೆದು ಸ್ಪಿರಿಟ್ ಹಚ್ಚಿದ.

"ಇನ್ನು ಮೂರು ವಾರದೊಳಗೆ ಮೈ ಬಿಸಿಯಾದ್ರೆ ಸುಮ್ಮನಿರಬೇಡ. ಡಾಕ್ಟರ್‌ಗೆ ತೋರಿಸು, ಉಣುಗು ಕಚ್ಚಿತ್ತು ಅಂತ ಹೇಳು."

"ದನದ ಡಾಕ್ಟರ್‌ಗಾ?" ಎಂದು ಅಣ್ಣ ಕಣ್ಣು ಮಿಟುಕಿಸಿದ. ಬಟ್ಟೆ ಬಿಚ್ಚು, ಮೈಯೆಲ್ಲ ನೋಡೋಣ ಎನ್ನುವ ಮಾತು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣ ಚಪ್ಪಲಿ ಮೆಟ್ಟಿ ಹೊರಟಾಗಿತ್ತು.

ನಾಲ್ಕನೆಯ ದಿನ ಜ್ವರ ಬಂತು. ಅಣ್ಣ ಯಾರಿಗೂ ಬಾಯಿ ಬಿಡಲಿಲ್ಲ. ಮಾತ್ರೆ ನುಂಗಿ ಕೆಲಸಕ್ಕೆ ಹೋದ. ಏಳನೆಯ ದಿನ ಆಸ್ಪತ್ರೆಗೆ ಸೇರಿಸುವಾಗ ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ. ಮೈ ಒರೆಸುತ್ತಿದ್ದ ನರ್ಸ್ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಇನ್ನೊಂದು ಉಣುಗನ್ನು ಕಂಡಳು. ಬಟಾಣಿ ಕಾಳಿನಷ್ಟು ಊದಿಕೊಂಡಿತ್ತು. ಎರಡು ದಿನಕ್ಕೆ ಅಣ್ಣ ತೀರಿಕೊಂಡ. ಕಾಯಿಲೆ ಯಾವ ಉಣುಗಿನಿಂದ ಬಂತೆಂದು ಹೇಳಲಾಗದು ಎಂದರು ವೈದ್ಯರು. ತಮ್ಮನಿಗೆ ಮಾತ್ರ ಅದು ಎರಡನೆಯದೇ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಹದಿನೈದು ದಿನ ಕಳೆದಿತ್ತು. ಅತ್ತಿಗೆ ಅಣ್ಣನ ಪ್ಯಾಂಟುಗಳನ್ನು ಮಡಿಚಿಡುತ್ತಿದ್ದಳು.

"ಅವತ್ತು ನೀನು ಮೈಯೆಲ್ಲ ನೋಡಿದ್ದೆ ಅಲ್ವೇನೋ? ಕಾಲಿಂದು ಆಮೇಲೆ ಹತ್ತಿದ್ದಿರಬೇಕು."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ ಅತ್ತಿಗೆ. ಕುತ್ತಿಗೆ ಒಂದೇ ನೋಡಿದ್ದು. ನಾಯಿಯಾಗಿದ್ರೆ ಕಿವಿ, ಕಂಕುಳು, ಬೆರಳ ಸಂದಿ ಎಲ್ಲಾ ನೋಡ್ತಿದ್ದೆ."

ಅವಳು ಬೈಯಲಿಲ್ಲ. ಮಡಿಚಿದ್ದ ಪ್ಯಾಂಟನ್ನು ಬಿಡಿಸಿ, ಮೊಣಕಾಲಿನ ಜಾಗವನ್ನು ಅಂಗೈಯಲ್ಲಿ ಸವರುತ್ತ ಕೂತಳು.

"ಸ್ವಲ್ಪ ದಿನ ಈ ಕಡೆ ಬರಬೇಡ," ಎಂದಳು ಕೊನೆಗೆ.

ಅವನು ಹೋಗಲಿಲ್ಲ. ಮೂರು ತಿಂಗಳಾದ ಮೇಲೆ ಅವಳೇ ಫೋನ್ ಮಾಡಿದಳು. ಅಣ್ಣನ ಆಫೀಸಿನ ಯಾವುದೋ ಕಾಗದಕ್ಕೆ ತಮ್ಮನ ಸಹಿ ಬೇಕಿತ್ತು.

"ನಿಮಗೆ ಬಿಡುವಾದಾಗ ಬನ್ನಿ," ಎಂದಳು. ಹದಿನಾಲ್ಕರ ಹುಡುಗನಾಗಿದ್ದಾಗ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು, ಒಂದು ದಿನವೂ ಬಹುವಚನ ಹಚ್ಚಿದವಳಲ್ಲ.

"ಬರ್ತೀನಿ," ಎಂದ. ಅತ್ತಿಗೆ ಎನ್ನಲು ಬಾಯಿ ಬರಲಿಲ್ಲ.