ಎಲೆ ಬಿಚ್ಚಿ ನೋಡದ ಅಯ್ನೋರು

ದಕ್ಷಿಣೆಯ ವೀಳ್ಯದೆಲೆ ಬಿಚ್ಚಿದ ನಾಗಮಣಿ ಅದನ್ನು ದೇವರ ಗೂಡಿನ ಮುಂದೆಯೇ ಎತ್ತಿ ಹಾಕಿದಳು. ಅಡಿಕೆ ಉರುಳಿಕೊಂಡು ಬಾಗಿಲ ತನಕ ಹೋಯಿತು.

"ನೂರಾ ಒಂದು! ನಾಕು ಗಂಟೆ ರುದ್ರ ಯೋಳಿದ್ದಕ್ಕೆ ನೂರಾ ಒಂದು! ಚಾಮರಾಜನಗರಕ್ಕೆ ಓಗಿ ಬಂದ ಬಸ್ ಚಾರ್ಜ್ ಕಳುದ್ರೆ ಏನ್ ಉಳಿತದೆ ಯೋಳಿ."

"ಎತ್ತಿಡು ಅದ. ದೇವ್ರ ದುಡ್ಡು," ಎಂದರು ಗಂಡ ಮಲ್ಲಿಕಾರ್ಜುನಸ್ವಾಮಿ, ಅಂಗಿ ಕಳಚುತ್ತಾ.

ಹರವೆಯ ಸುತ್ತಮುತ್ತ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಪೂಜೆಗೆ ಈ ಅಯ್ನೋರೇ ಬರಬೇಕು. ದಕ್ಷಿಣೆ ಎಷ್ಟೆಂದು ಅವರು ಎಲೆ ಬಿಚ್ಚಿ ನೋಡುವುದಿಲ್ಲ. ಎಲೆ ಸಮೇತ ಜೋಳಿಗೆಗೆ ಇಳಿಸಿ, ಮನೆಗೆ ತಂದು ದೇವರ ಮುಂದೆ ಇಡುತ್ತಾರೆ. ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಬಾಯಿಬಿಟ್ಟು ಕೇಳಿದರೆ ಅದು ಪೂಜೆಯಲ್ಲ, ಸಂತೆ ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರು. ಆಗೆಲ್ಲ ಸುಗ್ಗಿಯಲ್ಲಿ ಭಕ್ತರ ಮನೆಗಳಿಂದ ರಾಗಿ ಬರುತ್ತಿತ್ತು, ಅರಿಸಿನ ಬರುತ್ತಿತ್ತು. ಈಗ ರಾಗಿ ನಿಂತುಹೋಗಿದೆ, ಪದ್ಧತಿ ಮಾತ್ರ ಉಳಿದಿದೆ.

"ಪೋಟೋದವ್ನ್ಗೆ ಅಡ್ವಾನ್ಸು, ಶಾಮಿಯಾನದವ್ನ್ಗೆ ಅಡ್ವಾನ್ಸು. ನೀವು ಮಾತ್ರ ಬಿಟ್ಟಿ!"

"ನಂಗೆ ಕೇಳಕ್ಕೆ ಬಾಯಿ ಬರಲ್ಲ ಕನೆ. ಏನ್ ಮಾಡನ?"

"ನಿಮ್ಗೆ ಬರಲ್ಲ, ನಂಗೆ ಬತ್ತದಲ್ವಾ?" ಅವಳು ಒಲೆಯ ಪಕ್ಕದಿಂದ ಸ್ಟೀಲ್ ಲೋಟ ಎತ್ತಿ ತೋರಿಸಿದಳು. "ಬೆಳಗ್ಗೆ ಸಕ್ರೆ ಈಸ್ಕಬರಕ್ಕೆ ಇದ್ನ ಸೆರಗಲ್ಲಿ ಮುಚ್ಕಂಡು ಚಿಕ್ಕನಿಂಗಮ್ಮನ ಮನೆಗೆ ಓದೆ. ಸಂಘದ ಎಂಗಸ್ರೆಲ್ಲ ಕುಂತಿದ್ರು. 'ಲೋಟ ಯಾಕವ್ವ, ಡಬ್ಬನೇ ತಗಂಡೋಗು' ಅಂದ್ಬುಟ್ಲು. ಎಲ್ರೂ ನಕ್ರು. ನೀವು ಕೇಳ್ದೆ ಇದ್ದು ದೊಡ್ಡೋರಾದ್ರಿ. ಇಪ್ಪತ್ತು ವರ್ಷದಿಂದ ನಿಮ್ ಬದ್ಲು ಕೇಳ್ತಾ ಇರೋಳು ನಾನು."

ಸ್ವಾಮಿಗಳಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂಬುದೇ ತಿಳಿಯಲಿಲ್ಲ. "ಥೂ, ಸುಮ್ನಿರು!" ಎಂದು ಜಗಲಿಗೆ ಹೋಗಿ ಕೂತರು. ಅಲ್ಲಿಂದ ಚಿಕ್ಕನಿಂಗಮ್ಮನ ಬಾಗಿಲು ಕಾಣುತ್ತಿತ್ತು. ಇಪ್ಪತ್ತೇ ಹೆಜ್ಜೆ. ಹೆಂಡತಿ ಅದನ್ನು ಎಷ್ಟು ಸಲ ನಡೆದಿದ್ದಾಳೋ, ಅವರು ಒಂದು ದಿನವೂ ಯೋಚಿಸಿರಲಿಲ್ಲ.

ಮುಂದಿನ ವಾರ ಗುಂಡ್ಲುಪೇಟೆಯಲ್ಲಿ ಗೃಹಪ್ರವೇಶವಿತ್ತು. ಬಂಡೀಪುರದ ರಸ್ತೆಯಲ್ಲಿ ಲಾಡ್ಜ್ ಇಟ್ಟಿರುವ ಮಹಾಲಿಂಗನ ಹೊಸ ಮನೆ. ಮೂಲದಲ್ಲಿ ಹರವೆ ಕಡೆಯವನೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸ್ವಾಮಿಗಳು 'ಮೂರು ಸಾವಿರ, ಮೂರು ಸಾವಿರ' ಎಂದು ಬಾಯಿಪಾಠ ಮಾಡಿದರು. ಪೂಜೆಗೆ ಮೊದಲೇ ಹೇಳಿಬಿಡಬೇಕು ಎಂದುಕೊಂಡಿದ್ದರು. ಮಹಾಲಿಂಗ ಬಂದು ಕಾಲಿಗೆ ಬಿದ್ದ. ಅವರು ಆಶೀರ್ವಾದ ಮಾಡಿ, ಸೀದಾ ಪೂಜೆಗೆ ಹೋಗಿ ಕೂತುಬಿಟ್ಟರು.

ರುದ್ರ ಹೇಳುವಾಗ ಒಂದು ಕಡೆ ತಪ್ಪಿತು. ಹುಡುಗನಾಗಿದ್ದಾಗಿನಿಂದ ತಪ್ಪದ ಜಾಗ. ಹಿಂದಕ್ಕೆ ಹೋಗಿ ಮತ್ತೆ ಹೇಳಿದರು. ಇದಕ್ಕೆಲ್ಲ ಆ ಹಾಳು ಮೂರು ಸಾವಿರವೇ ಕಾರಣ ಎನ್ನಿಸಿತು.

ಕೊನೆಗೆ ತಟ್ಟೆ ಬಂತು. ಕೈ ಅಭ್ಯಾಸದಂತೆ ಎಲೆಯನ್ನೆತ್ತಿ ಜೋಳಿಗೆಯತ್ತ ಹೊರಟಿತ್ತು. ಸ್ಟೀಲ್ ಲೋಟ ನೆನಪಾಯಿತು. ಕೈ ನಿಂತಿತು. ಅವರು ಅಲ್ಲೇ, ನೆಂಟರಿಷ್ಟರ ಮುಂದೆ ಎಲೆ ಬಿಚ್ಚಿದರು. ಇನ್ನೂರಾ ಒಂದು.

"ಮಹಾಲಿಂಗ, ಮೂರು ಸಾವ್ರ ಆಯ್ತದೆ," ಎಂದರು. ದನಿ ಮಂತ್ರಕ್ಕಿಂತ ಜೋರಾಗಿ ಬಂದುಬಿಟ್ಟಿತು.

ಮಹಾಲಿಂಗನ ತಾಯಿ ಈರಮ್ಮ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ ಶಿವನೇ! ನಿಮ್ಮಪ್ಪೋರು ಯಾವತ್ತೂ ಇಂಗೆ ಕೇಳ್ದೋರಲ್ಲ ಬುದ್ಧಿ."

"ನಮ್ಮಪ್ಪೋರ್ಗೆ ನಿಮ್ಮ ಒಲದಿಂದ ವರ್ಷಕ್ಕೆರಡು ಮೂಟೆ ರಾಗಿ ಬತ್ತಿತ್ತು ಕನವ್ವ."

ಮಹಾಲಿಂಗ ನಡುವೆ ಬಂದು, "ಬುಡವ್ವ ಅತ್ಲಾಗೆ. ಮೊದ್ಲೇ ಯೋಳದಲ್ವಾ ಬುದ್ಧಿ? ಸ್ಕ್ಯಾನರ್ ಅದಾ?" ಎಂದ. ಇಲ್ಲವೆಂದಾಗ ಒಳಗೆ ಹೋಗಿ ನೋಟು ತಂದ. ಚೌಕಾಸಿಯಿಲ್ಲ, ಮುಖ ಗಂಟಿಕ್ಕಲಿಲ್ಲ. ಸ್ವಾಮಿಗಳು ಹೊರಡುವಾಗ ಮತ್ತೆ ಕಾಲಿಗೂ ಬಿದ್ದ.

ಇಷ್ಟೇನಾ! ಬಸ್ ಸ್ಟ್ಯಾಂಡಿನಲ್ಲಿ ನಿಂತು ಸ್ವಾಮಿಗಳು ಹಲ್ಲು ಕಚ್ಚಿದರು. ಇವನು ಬೈದಿದ್ದರಾದರೂ ಸಮಾಧಾನವಾಗುತ್ತಿತ್ತು. ಇಷ್ಟು ಸಲೀಸಾದ ಕೆಲಸಕ್ಕೆ ಇಪ್ಪತ್ತು ವರ್ಷ ಅವಳನ್ನು ನಡೆಸಿದೆನಲ್ಲ.

ಮನೆಯಲ್ಲಿ ಹಣವನ್ನೂ ಎರಡು ಕೆಜಿ ಸಕ್ಕರೆಯನ್ನೂ ದೇವರ ಮುಂದೆ ಇಟ್ಟರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು, "ತಪ್ಪಾಗಿದ್ರೆ ನೀನೇ ಯೋಳಪ್ಪ," ಎಂದರು. ರುದ್ರ ಶುರುಮಾಡಿ, ಬೆಳಗ್ಗೆ ತಪ್ಪಿದ ಜಾಗಕ್ಕೆ ಬಂದರು. ಮಂತ್ರ ತಪ್ಪದೆ ಮುಂದಕ್ಕೆ ಹೋಯಿತು.

ಪೂಜೆ ಮುಗಿಸಿ ಜಗಲಿಗೆ ಬಂದಾಗ ನಾಗಮಣಿ ಬೀದಿಗೆ ಇಳಿದಿದ್ದಳು. ಕೈಯಲ್ಲಿ ಅದೇ ಲೋಟ, ಕಂಠಕ್ಕಿಂತ ಮೇಲೆ ಗೋಪುರವಾಗಿ ಸಕ್ಕರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಲೋಟವನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು, ಚಿಕ್ಕನಿಂಗಮ್ಮನ ಬಾಗಿಲಿನ ಕಡೆ, ಚೆಲ್ಲದ ಹಾಗೆ ನಿಧಾನವಾಗಿ ನಡೆಯುತ್ತಿದ್ದಳು.