ಓಯ್ದಿನಳ ರೊಟ್ಟಿ ಅಚ್ಚು

ಆ ಬೆಳಿಗ್ಗೆ ಯಾರೂ ರೊಟ್ಟಿ ತಂದುಕೊಡಲಿಲ್ಲ. ಗಂಡ ತೊಲ್ಕಿನ್‌ನನ್ನು ಮಣ್ಣು ಮಾಡಿ ಬಂದಾಗಿನಿಂದ ಕೇರಿಯವರೇ ಸರದಿಯ ಮೇಲೆ ತಂದಿಡುತ್ತಿದ್ದರು. ಈಗ ಅದೂ ಮುಗಿದಿತ್ತು. ಚಹಾ ಒಂದೇ ಆರುತ್ತಾ ಕೂತಿತ್ತು.

ಬಜಾರಿಗೆ ಒಯ್ಯಲೆಂದು ಸದೋಕತ್ ಗಂಡನ ಕಾಲೇಜು ಚೀಲ ಕೊಡವಿದಳು. ಸೀಮೆಸುಣ್ಣದ ಪುಡಿಯ ಜೊತೆ ಒಂದು ರೊಟ್ಟಿ ಅಚ್ಚು ಉರುಳಿಬಿತ್ತು. ಕೈಯಾಡಿ ನುಣುಪಾದ ಮರದ ಹಿಡಿ, ತುದಿಗೆ ಹಸಿ ರೊಟ್ಟಿಯ ನಡುವೆ ಒತ್ತಲೆಂದು ಹೂವಿನ ಆಕಾರದಲ್ಲಿ ಹೊಡೆದ ಮೊಳೆಗಳು.

ಯಾರದೆಂದು ಕೇಳಬೇಕಾಗಿರಲಿಲ್ಲ. ಮಾತಾಡಿಸಲು ಬಂದಿದ್ದ ವಿದ್ಯಾರ್ಥಿಗಳು ಹೇಳಿದ್ದರು: "ಹಿಟ್ಟು ರೊಟ್ಟಿ ಜೊತೆ ಹೊರಟುಹೋಗುತ್ತೆ, ಅಚ್ಚು ಅಂಗಡೀಲೇ ಉಳಿಯುತ್ತೆ ಅಂತ ಬಜಾರಲ್ಲಿ ರೊಟ್ಟಿ ಮಾರೋ ಓಯ್ದಿನ್ ಅಕ್ಕನ ಅಚ್ಚು ತೋರಿಸಿದ್ರು ಮೇಷ್ಟ್ರು. ಬದಲಾಗೋ ವೆಚ್ಚ, ಸ್ಥಿರ ವೆಚ್ಚ ಅವತ್ತೇ ತಲೆಗೆ ಹೋಯ್ತು." ಅದನ್ನು ಕೇಳಿ ಸದೋಕತ್‌ಳ ಅಳು ನಿಂತುಹೋಗಿತ್ತು. ಅವಳೂ ಅರ್ಥಶಾಸ್ತ್ರವನ್ನೇ ಓದಿದವಳು. ಅವನ ಪಾಠಗಳನ್ನು ಟೈಪು ಮಾಡಿದ್ದಳು, ಉತ್ತರಪತ್ರಿಕೆ ತಿದ್ದಿದ್ದಳು, ಇದೇ ಪಾಠಕ್ಕೆ ಹೊಲಿಗೆ ಯಂತ್ರದ ಉದಾಹರಣೆ ಬರೆದುಕೊಟ್ಟಿದ್ದಳು. ಅವನು ಬಜಾರಿನ ಹೆಂಗಸಿನ ಅಚ್ಚು ತಂದಿದ್ದ. ರೊಟ್ಟಿಯವರಿಗೆ ಅಚ್ಚೆಂದರೆ ಹೆಸರಿದ್ದ ಹಾಗೆ. ಹೂ ನೋಡಿಯೇ ಇಂಥವರ ತಂದೂರಿನದು ಅನ್ನುತ್ತಾರೆ. ಅದನ್ನು ಪರಗಂಡಸಿನ ಕೈಗೆ ಯಾರು ಕೊಡುತ್ತಾರೆ?

"ಸೂತಕದ ನೀಲಿ ಉಟ್ಕೊಂಡು ಬಜಾರಿಗೆ ಹೊರಟ್ಯೇನೇ?" ಅತ್ತೆ ಕೇಳಿದರು.

"ಅವರು ಎರವಲು ತಂದದ್ದರ ಋಣ ಅವರ ಮೇಲೆ ಉಳೀಬಾರದು ಅತ್ತೆ."

ಅತ್ತೆ ಒಂದು ಹಿಡಿ ಒಣ ಜರ್ದಾಳು ಹಣ್ಣು ತಂದು ಚೀಲಕ್ಕೆ ಹಾಕಿದರು. "ಬರೀ ವಸ್ತು ಹಿಂದಕ್ಕೆ ಕೊಡಬೇಡ."

ಕಾಲುವೆಯ ಸೇತುವೆಯ ಮೇಲೆ ಅವಳ ನಡಿಗೆ ನಿಧಾನವಾಯಿತು. ಎಸೆದರೆ ಯಾರಿಗೂ ತಿಳಿಯದು. ಅಚ್ಚನ್ನು ನೀರಿನ ಮೇಲೆ ಹಿಡಿದು ನಿಂತಳು. ಎದುರಿನಿಂದ ಯಾರೋ ಬಂದರು. ಕೈ ಹಿಂದಕ್ಕೆ ಬಂತು.

ಬಜಾರಿನ ರೊಟ್ಟಿ ಸಾಲಿನಲ್ಲಿದ್ದ ಓಯ್ದಿನ್ ಅವಳದೇ ವಯಸ್ಸಿನವಳು, ಮೊಣಕೈವರೆಗೂ ಹಿಟ್ಟು. ಅವಳ ರೊಟ್ಟಿಗಳ ನಡುವೆ ಹೂವಿರಲಿಲ್ಲ, ಫೋರ್ಕಿನಿಂದ ಚುಚ್ಚಿದ ತೂತುಗಳಿದ್ದವು.

"ಏನಮ್ಮಾ, ರೊಟ್ಟಿಗೆ ಕೋಳಿ ಕುಕ್ಕಿದ ಹಾಗಿದೆ?" ಮುದುಕನೊಬ್ಬ ಕೇಳುತ್ತಿದ್ದ.

"ಆ ಕೋಳೀನ ನಾಳೆ ಪಲಾವಿಗೆ ಹಾಕ್ತೀನಿ ತಾತ, ತಗೊಳ್ಳಿ ಸುಮ್ನೆ."

ನೀಲಿ ಬಟ್ಟೆಯನ್ನೂ ಸದೋಕತ್ ಕೈಯಲ್ಲಿದ್ದ ಅಚ್ಚನ್ನೂ ಕಂಡು ಓಯ್ದಿನ್ ಕೈ ಒರೆಸಿಕೊಂಡಳು. "ಸಾವಿನ ಮನೆಗೆ ಅಚ್ಚು ಕೇಳ್ಕೊಂಡು ಹೇಗೆ ಬರಲಿ ಅಕ್ಕ."

"ಅವರು ಇಲ್ಲಿಗೆ ಯಾಕೆ ಬರ್ತಿದ್ರು?"

"ರೊಟ್ಟಿಗೆ. ಆಮೇಲೆ ಜಗಳಕ್ಕೆ. ಲೆಕ್ಕದಲ್ಲಿ ಹಿಟ್ಟಿಂದು ಬರೀತೀಯ, ಸೌದೆದು ಬರೀತೀಯ, ನಿನ್ನ ಕೂಲಿ ಎಲ್ಲಿ ಅಂತ. ನಾನೇ ಯಜಮಾನಿ, ನನಗ್ಯಾವ ಕೂಲಿ ಅಂದೆ. ನಸುಕಲ್ಲೆದ್ದು ನಾದೋದು ಪುಕ್ಕಟೆಯಾ, ಬೇರೆ ಕಡೆ ದುಡಿದಿದ್ರೆ ಬರ್ತಿದ್ದದ್ದು ನಿನ್ನ ವೆಚ್ಚ ಅಂತ ಕೂತು ಲೆಕ್ಕ ಹಾಕಿಸಿದ್ರು. ನನ್ನ ಲಾಭವೆಲ್ಲ ಆವಿಯಾಯ್ತು." ನಕ್ಕವಳು ತಟ್ಟನೆ ನಿಲ್ಲಿಸಿದಳು. "ನನ್ನ ಕೂಲಿ ಕೇಳಿದೋರು ಅವರೊಬ್ರೇ ಅಕ್ಕ."

ಒಂದು ಸಲ ಊಟದ ಹೊತ್ತಿನಲ್ಲಿ ಸದೋಕತ್ ತಾನೇ ಗಂಡನನ್ನು ಕೇಳಿದ್ದಳು: ಈ ಮನೆಯಲ್ಲಿ ನನ್ನ ದುಡಿಮೆಯನ್ನು ಎಲ್ಲಿ ಬರೆಯುತ್ತೀರಿ? ಅವನು ಸೂಪು ಕುಡಿಯುವುದನ್ನು ನಿಲ್ಲಿಸಿರಲಿಲ್ಲ. ಉತ್ತರವನ್ನು ತಂದು ಈ ರೊಟ್ಟಿ ತಟ್ಟುವ ಹಲಗೆಯ ಬಳಿ ಇವಳಿಗೆ ಕೊಟ್ಟಿದ್ದ. ಉಂಗುರ ಕೊಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಒಂದು ನಾನು ಒತ್ತಲಾ?"

ಓಯ್ದಿನ್ ಒಂದು ಹಸಿ ರೊಟ್ಟಿಯನ್ನು ಅವಳ ಕಡೆ ಸರಿಸಿದಳು. ಸದೋಕತ್ ಮೈಭಾರ ಹಾಕಿ ಒತ್ತಿದಳು. ಮೊಳೆಗಳು ಹಿಟ್ಟು ದಾಟಿ ಹಲಗೆಗೆ ತಾಗಿದವು.

"ಅಷ್ಟು ಆಳ ಬೇಡ ಅಕ್ಕ."

"ಗೊತ್ತು."

ರೊಟ್ಟಿ ಬೆಂದು ಬಂತು. ಹೂ ನಡುವೆ ಕರಕಲಾಗಿತ್ತು.

"ದುಡ್ಡು ಬೇಡ," ಎಂದಳು ಓಯ್ದಿನ್.

"ನಿಮ್ಮ ಕೂಲಿ ಸೇರಿಸಿ ಹೇಳಿ."

ಓಯ್ದಿನ್ ಅವಳ ಮುಖ ನೋಡಿದಳು. ಆಮೇಲೆ ಬೆಲೆ ಹೇಳಿದಳು. ಸದೋಕತ್ ಅಷ್ಟೂ ಸೋಮ್ ನೋಟು ಎಣಿಸಿಟ್ಟು, ಪಕ್ಕದಲ್ಲಿ ಜರ್ದಾಳು ಸುರಿದಳು. ಮೊಳೆಗಳಿಗೆ ಅಂಟಿದ ಹಿಟ್ಟನ್ನು ನೀಲಿ ತೋಳಿನಿಂದ ಒರೆಸಿ, ಹಿಡಿಯನ್ನು ಮುಂದೆ ಮಾಡಿ ಅಚ್ಚನ್ನು ಕೊಟ್ಟಳು.